ಹತ್ತರವರೆಗೆ

ಝೊಂಗುಲ್ದಾಕ್, ಗಣಿಯೂರಿನ ಆಸ್ಪತ್ರೆ, ಎರಡನೆಯ ಮಹಡಿ.
ಕಪ್ಪು ಸಮುದ್ರದ ಕಡೆಗೊಂದು ಕಿಟಕಿ.
ನನ್ನ ಕೆಲಸ ಇಷ್ಟೇ: ಉಸಿರೆಳೆಯಲು ಕಲಿಸುವುದು,
ಅದೂ ನನ್ನಪ್ಪನ ವಯಸ್ಸಿನವರಿಗೆ.

ಮನೆಯಲ್ಲಿ ಹೇಗೋ ಹಾಗೇ ತೋರಿಸಿ, ಎನ್ನುತ್ತೇನೆ.
ತೋರಿಸುತ್ತಾರೆ.
ಮುಚ್ಚಳ ತೆಗೆಯದೆಯೇ ಒತ್ತಿದವರುಂಟು,
ಕತ್ತಿಗೆ ಅತ್ತರಿನಂತೆ ಹೊಡೆದುಕೊಂಡವರುಂಟು.
ಹಾಜೆರ್ ಅಜ್ಜಿ ಇನ್‌ಹೇಲರನ್ನು ಕರವಸ್ತ್ರದಲ್ಲಿ ಸುತ್ತಿ
ಕುಪ್ಪಸದೊಳಗೆ ಇಟ್ಟುಕೊಂಡಿದ್ದಳು, ಎಂಟು ತಿಂಗಳು.
"ಎದೆಗೆ ಅಂತ ಡಾಕ್ಟರೇ ಹೇಳಿದ್ದಲ್ಲವೇ ಮಗಳೇ?"
ನಕ್ಕುಬಿಟ್ಟೆ. ಸಂಜೆ ಬಸ್ಸಿನಲ್ಲಿ ನೆನಪಾದಾಗ
ನಗು ಬರಲಿಲ್ಲ.

ದುರ್ಸುನ್ ಬಂದದ್ದು ಫೆಬ್ರವರಿಯಲ್ಲಿ,
ಊರಿನ ಒಲೆಗಳೆಲ್ಲ ಕಲ್ಲಿದ್ದಲ ಹೊಗೆ ಕಾರುವ ತಿಂಗಳು.
ಬಾಗಿಲಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ.
ನಡುವೆ ಎರಡು ಸಲ ನಿಂತ,
ಗೋಡೆಯ ಕ್ಯಾಲೆಂಡರು ನೋಡುವವನ ಹಾಗೆ.

ಕೋಟಿನ ಜೇಬಿಂದ ತೆಗೆದ ನೀಲಿ ಡಬ್ಬಿ ಮಾಸಿತ್ತು,
ಬಾಯಂಚಿಗೆ ತಂಬಾಕಿನ ಪುಡಿ.
ಒತ್ತಿದ. ಚುಸ್ ಅಂದಿತು.
ಬೆನ್ನಿನ ಪುಟ್ಟ ಕಿಂಡಿಯಲ್ಲಿ ಸೊನ್ನೆ ಸೊನ್ನೆ ಸೊನ್ನೆ.
"ಯಾವಾಗಿನಿಂದ ಹೀಗೆ?"
"ಕುರ್ಬಾನಿ ಹಬ್ಬದಿಂದ. ಆದರೂ ಒಂಚೂರು ಹಗುರಾಗುತ್ತೆ."
ಬರಿಗಾಳಿಗೇ ಹಗುರಾಗುವ ಎದೆಗೆ
ನಾನೇನು ಹೇಳಲಿ?

ಹೊಸದು ಕೊಟ್ಟೆ. ಪಾಠ ಒಪ್ಪಿಸಿದೆ:
ಕುಲುಕಿ. ಇದ್ದ ಉಸಿರನ್ನೆಲ್ಲ ಬಿಡಿ.
ಒತ್ತುತ್ತಲೇ ಎಳೆಯಿರಿ, ಮೆಲ್ಲಗೆ, ಆಳಕ್ಕೆ,
ಪಾತಾಳಕ್ಕಿಳಿಯುವ ಹಾಗೆ...
ಅಲ್ಲಿ ಎಡವಿದೆ. ಅವನು ಡಬ್ಬಿಯನ್ನು ಬಾಯಿಂದ ತೆಗೆದ.

"ಪಾತಾಳದ ಮಾತು ನನ್ನ ಹತ್ತಿರ ಬೇಡ ಮಗಳೇ.
ಮೂವತ್ತೊಂದು ವರ್ಷ ಐನೂರು ಮೀಟರು ಕೆಳಗಿದ್ದೆ.
ಮೊದಲ ದಿನವೇ ಉಸ್ತಾದ ಹೇಳಿಕೊಟ್ಟಿದ್ದ:
ಮೇಲುಮೇಲೆ ಉಸಿರಾಡು, ಮೂಗಿನ ತುದಿಯಲ್ಲಿ,
ಗುಬ್ಬಿ ನೀರು ಕುಡಿದಷ್ಟು.
ಆಳಕ್ಕೆ ಎಳೆದೆಯೋ, ಬೆಟ್ಟವೇ ಒಳಗೆ ಬಂದು ಕೂರುತ್ತದೆ.
ಚೆನ್ನಾಗಿ ಕಲಿತೆ. ಉಸ್ತಾದ ಹೋದ, ನಾನುಳಿದೆ.
ಈಗ ನೀನು ಆಳಕ್ಕೆ ಅನ್ನುತ್ತೀಯ."

ಉಸಿರೆತ್ತದೆ ದುಡಿದರು ಎಂದು ನಾವು
ಮಾತಿಗೆ ಹೇಳುತ್ತೇವೆ.
ಇವನಿಗೆ ಅದು ಕಸುಬಿನ ಮೊದಲ ಪಾಠ.

ಏನೋ ಹೊಳೆದು ಕೇಳಿದೆ:
ಕೆಳಗಿಳಿಯುವಾಗ, ಗಣಿಯ ಪಂಜರದಲ್ಲಿ, ಏನು ಮಾಡುತ್ತಿದ್ದಿರಿ?
"ಎಣಿಸುತ್ತಿದ್ದೆ. ಎಲ್ಲರೂ ಎಣಿಸುತ್ತಿದ್ದರು, ಮನಸ್ಸಿನಲ್ಲೇ."
ಹಾಗಾದರೆ ಎಣಿಸಿ.

ಒತ್ತಿದ. ಅರ್ಧ ಮದ್ದು ಮೀಸೆಗೆ.
ಮತ್ತೊಮ್ಮೆ. ಕೆಮ್ಮು, ಕಣ್ಣಲ್ಲಿ ನೀರು,
ಕುತ್ತಿಗೆಯ ನರಗಳು ಹಗ್ಗದಂತೆ.
ಸ್ವಲ್ಪ ಹೊತ್ತು ಸಮುದ್ರ ನೋಡಿದೆವು ಇಬ್ಬರೂ.
ಮೂರನೆಯ ಸಲ ಒಳಗೆ ಹೋಯಿತು.
"ಹಾಗೇ ನಿಲ್ಲಿಸಿ. ಹತ್ತರವರೆಗೆ."
ನಾಲ್ಕಕ್ಕೇ ಬಿಟ್ಟು ನಕ್ಕ:
"ನಿಲ್ಲು ಅಂತ ನನಗೆ ಹೇಳುತ್ತೀಯಲ್ಲ,
ನನ್ನ ಹೆಸರೇ ಅದು."

ಹೌದು. ಮಕ್ಕಳು ನಿಲ್ಲದ ಮನೆಯಲ್ಲಿಡುವ ಹೆಸರು.
ದುರ್ಸುನ್: ಇದಾದರೂ ನಿಲ್ಲಲಿ.
ಅವನಿಗಿಂತ ಮುಂಚೆ ಮೂವರು.
ಒಂದಕ್ಕೆ ಹೆಸರಿಡುವಷ್ಟೂ ಪುರಸೊತ್ತಾಗಲಿಲ್ಲವಂತೆ.
ಇವನ ತೊಟ್ಟಿಲ ಪಕ್ಕ ಅವ್ವ ರಾತ್ರಿಯಿಡೀ ಕೂತು
ಮೂಗಿನ ಹತ್ತಿರ ಕನ್ನಡಿ ಹಿಡಿಯುತ್ತಿದ್ದಳಂತೆ,
ಮಂಜು ಕಟ್ಟುತ್ತದೋ ಇಲ್ಲವೋ ಎಂದು.

ಚೀಟಿ ಬರೆದುಕೊಟ್ಟೆ. ಕಂದು ಡಬ್ಬಿ ದಿನಕ್ಕೆರಡು ಸಲ,
ಆಮೇಲೆ ಬಾಯಿ ಮುಕ್ಕಳಿಸಬೇಕು.
ಹೋದ. ಮುಚ್ಚಳ ಮರೆತು ವಾಪಸು ಬಂದ. ಮತ್ತೆ ಹೋದ.

ಬಸ್ಸಿನ ರಸ್ತೆಗೆ ಇಲ್ಲಿಂದ ಕಡಿದಾದ ಮೆಟ್ಟಿಲು.
ಕಿಟಕಿಯಿಂದ ಕಂಡೆ: ನಡುವೆ ಎಲ್ಲೋ ನಿಂತ.
ಸಿಮಿತ್ ಮಾರುವ ಹುಡುಗ ದಾಟಿಹೋಗಲೆಂದು ಕಾದ,
ಅತ್ತಿತ್ತ ನೋಡಿದ, ತಪ್ಪು ಮಾಡುವವನ ಹಾಗೆ,
ಗೋಡೆಗೆ ಮುಖ ಮಾಡಿದ.
ಕುಲುಕಿದ್ದು ಕಂಡಿತು. ಭುಜ ಏರಿದ್ದು ಕಂಡಿತು.
ನಾನೂ ಎಳೆದುಕೊಂಡೆ, ನನಗೇ ಗೊತ್ತಿಲ್ಲದೆ.

ಒಂದು. ಎರಡು.
ಬಂದರಿನಲ್ಲಿ ಹಡಗು ಕೂಗಿತು.
ಐದು. ಆರು.
ಭುಜ ಇನ್ನೂ ಇಳಿದಿರಲಿಲ್ಲ.
ಏಳಕ್ಕೆ
ನನ್ನದೇ ಮೊದಲು ಹೊರಬಿದ್ದು
ಗಾಜು ಮಬ್ಬಾಯಿತು.